‘ಏಳನೇ ಬೀಗ’ ಮುಗಿಯುವುದು ಎಲ್ಲಿ

ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂರಬೇಕಾದರೆ ಸಿನಿಮಾ ಬಗ್ಗೆ ಒಂದು ಅಭಿಪ್ರಾಯವಾದರೂ ಇರಬೇಕು. ತಪ್ಪು ಅಭಿಪ್ರಾಯವಾದರೂ ಪರವಾಗಿಲ್ಲ, ಗಟ್ಟಿಯಾಗಿ ಹೇಳಿದರೆ ಸಾಕು. ಒಡೆದ ಫೋನು ಕೊಟ್ಟು, ಹೊಸ ಗಾಜು ಕೂರಿಸುವ ತನಕ ಗೋಡೆ ನೋಡುತ್ತಾ ಕೂರುವವರನ್ನು ಕಂಡರೆ ನಮ್ಮ ದೊಡ್ಡಮ್ಮನಿಗೆ ಆಗುವುದಿಲ್ಲ. "ಏನಾದ್ರೂ ಮಾತಾಡಿ, ಇದೇನು ಆಸ್ಪತ್ರೇನಾ?" ಎಂದು ಕೇಳಿಯೇಬಿಡುತ್ತಾಳೆ.

ನನಗಂತೂ ಅಭಿಪ್ರಾಯಗಳಿಗೆ ಬರವಿಲ್ಲ. ಒಂದು ಕಥೆಯನ್ನು ಎರಡು ಭಾಗ ಮಾಡಿ ತೆಗೆಯುವವರ ಹತ್ತಿರ ಅರ್ಧ ಭಾಗಕ್ಕೂ ಕಥೆ ಇರುವುದಿಲ್ಲ. ಹೀರೊ ನಿಧಾನವಾಗಿ ನಡೆದರೆ ಅದು ನಡಿಗೆ, ನಟನೆಯಲ್ಲ. ಟ್ರೇಲರ್ ನೋಡಿ ಅಳುವವರನ್ನು ಬೇಕಾದರೆ ಕ್ಷಮಿಸುತ್ತೇನೆ, ಇನ್ನೊಬ್ಬರು ಟ್ರೇಲರ್ ನೋಡಿ ಅಳುವ ವಿಡಿಯೊವನ್ನು ಕೂತು ನೋಡುವವರನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಪಕ್ಕದಂಗಡಿಯ ಟೈಲರ್ ಇದನ್ನೆಲ್ಲ ಒಪ್ಪುವವನಲ್ಲ. "ಹಾಡು ಇಲ್ಲದ ಸಿನಿಮಾ ಅಂದ್ರೆ ಜೇಬಿಲ್ಲದ ಪ್ಯಾಂಟು ಕಣಮ್ಮ, ಹಾಕ್ಕೋಬಹುದು, ಕೈ ಎಲ್ಲಿಡಬೇಕು ಗೊತ್ತಾಗಲ್ಲ" ಎನ್ನುತ್ತಾನೆ. ಹೀಗೆ ನಾವು ಸಂಜೆಯವರೆಗೂ ಒಬ್ಬರ ಮಾತನ್ನೊಬ್ಬರು ಕಿತ್ತುಕೊಂಡು ಕಚ್ಚಾಡುತ್ತೇವೆ. ಆದರೆ ಒಂದು ಸಿನಿಮಾದ ವಿಷಯ ಬಂದರೆ ಇಡೀ ಬೀದಿಗೆ ಒಂದೇ ಬಾಯಿ.

ಅದು ‘ಏಳನೇ ಬೀಗ’.

ಈಗ ಮೊಬೈಲ್ ರಿಪೇರಿ ಮತ್ತು ಜೆರಾಕ್ಸ್ ಅಂಗಡಿಯಾಗಿರುವುದು ಒಂದು ಕಾಲದಲ್ಲಿ ದೊಡ್ಡಮ್ಮನ ವಿಡಿಯೊ ಕ್ಯಾಸೆಟ್ ಲೈಬ್ರರಿ. ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ‘ಏಳನೇ ಬೀಗ’ ಥಿಯೇಟರಿಗೆ ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಲಿಲ್ಲ, ಟಿವಿಯವರು ಮೂಸಿಯೂ ನೋಡಲಿಲ್ಲ. ದೊಡ್ಡಮ್ಮನ ಕಪಾಟಿನಲ್ಲಿದ್ದ ಕ್ಯಾಸೆಟ್ ಒಂದೇ ಅದಕ್ಕೆ ಗತಿಯಾಗಿತ್ತು. ನಮ್ಮ ಬೀದಿಯ ಮಕ್ಕಳೆಲ್ಲ ಅದನ್ನು ನೋಡಿಯೇ ದೊಡ್ಡವರಾದೆವು.

ದೊಡ್ಡ ಮನೆ, ಒಬ್ಬ ಸೊಸೆ, ಅವಳ ಸೊಂಟದಲ್ಲಿ ಏಳು ಕೀಲಿಗಳ ಗೊಂಚಲು. ಆರು ಬೀಗ ಆರು ಕಪಾಟುಗಳಿಗೆ, ಏಳನೆಯದು ಯಾವುದಕ್ಕೆ ಎಂದು ಸಿನಿಮಾ ಹೇಳುವುದೇ ಇಲ್ಲ. ಖಳನಾಯಕ ಸ್ನಾನ ಮಾಡುವಾಗಲೂ ಕಪ್ಪು ಕನ್ನಡಕ ತೆಗೆಯುವುದಿಲ್ಲ. ಕೆನ್ನೆಗೆ ಹೊಡೆದ ಸದ್ದು ಮೊದಲು ಬರುತ್ತದೆ, ಕೈ ಆಮೇಲೆ ಬರುತ್ತದೆ. ಹೊಡೆದಾಟದ ನಡುವೆ ಹಿಂದಿನ ಗೋಡೆ ಅಲ್ಲಾಡುತ್ತದೆ, ಹೀರೊ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹೊಡೆಯುತ್ತಾನೆ. ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇವೆ. ಆದರೆ ಕೊನೆಗೆ ಬಂದಾಗ ಯಾರೂ ನಗುವುದಿಲ್ಲ. ಸೊಸೆ ಕೀಲಿಗೊಂಚಲನ್ನು ಊಟದ ಮೇಜಿನ ಮೇಲೆ ಇಡುತ್ತಾಳೆ. ಗಂಡನನ್ನು ನೋಡಿ, ದಿನಾ ಹೇಳುವ ಮಾತೇನೋ ಎಂಬಂತೆ, "ಊಟಕ್ಕೆ ಕಾಯಬೇಡಿ" ಎನ್ನುತ್ತಾಳೆ. ಬಾಗಿಲು ದಾಟುತ್ತಾಳೆ. ಪರದೆ ಕಪ್ಪಾಗುತ್ತದೆ.

ಶುಭಂ ಎಂದು ಕೂಡ ಹಾಕುವುದಿಲ್ಲ. ಟೈಲರ್ ಅದನ್ನೇ ಹಿಡಿದುಕೊಂಡು ಜನ್ಮವಿಡೀ ವಾದಿಸಿದ್ದಾನೆ. "ಶುಭಂ ಹಾಕದೆ ಬಿಡ್ಬೇಕು ಅಂದ್ರೆ ಆ ನಿರ್ದೇಶಕನಿಗೆ ಎಷ್ಟು ಗುಂಡಿಗೆ ಇರ್ಬೇಕು!"

ಕ್ಯಾಸೆಟ್ ಕಾಲದಲ್ಲಿ ದೊಡ್ಡಮ್ಮನದೊಂದು ಕಟ್ಟಪ್ಪಣೆಯಿತ್ತು. ಸಿನಿಮಾ ಮುಗಿದ ತಕ್ಷಣ ಯಾರಾದರೂ ಎದ್ದು ರಿವೈಂಡ್ ಮಾಡಬೇಕು, ಹಾಗೇ ತಂದುಕೊಟ್ಟರೆ ಬೈಗುಳ. ಯಾರು ಏಳಬೇಕು ಎಂಬ ಜಗಳ ತಪ್ಪಲೆಂದು "ಊಟಕ್ಕೆ ಕಾಯಬೇಡಿ" ಎಂದಾಗ ಎಲ್ಲರೂ ಏಳುವುದು ರೂಢಿಯಾಯಿತು. ಆಮೇಲೆ ಆ ಮಾತು ಬೀದಿಗೆ ಇಳಿಯಿತು. ಕೆಲಸ ಬಿಟ್ಟವರು ಯಜಮಾನರಿಗೆ ಅದನ್ನೇ ಹೇಳಿದರು, ಟೈಲರ್ ತನ್ನ ಪಾಲುದಾರನಿಗೆ ಹೇಳಿದ. ನಮ್ಮ ಕ್ಯಾಸೆಟ್ಟನ್ನು ಯಾರೋ ಕಂಪ್ಯೂಟರಿಗೆ ಏರಿಸಿದ ಮೇಲಂತೂ ಊರೂರಿನ ಹುಡುಗರು ಆ ಮಾತನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗಿದರು. ಕಲ್ಟ್ ಸಿನಿಮಾ ಎಂದು ಹೆಸರಿಟ್ಟರು. ಕಪ್ಪು ಕನ್ನಡಕದ ಸ್ನಾನವನ್ನು ದಿನಕ್ಕೊಬ್ಬರು ಫೋನಿನಲ್ಲಿ ಕಳಿಸುತ್ತಿದ್ದರು.

ಹಾಗಾಗಿ ಹೋದ ವರ್ಷ ನಾನು ಗಂಡನ ಮನೆ ಬಿಟ್ಟು ದೊಡ್ಡಮ್ಮನ ಅಂಗಡಿಗೆ ಬಂದು ಕೂತಾಗ, ಬೀದಿಯವರು ಏನು ಹೇಳಿರಬಹುದೆಂದು ನೀವೇ ಊಹಿಸಿ. ಎಲ್ಲರಿಗಿಂತ ಜೋರಾಗಿ ಹೇಳಿದವನು ನಮ್ಮಣ್ಣ. "ಸಿನಿಮಾ ನೋಡಿ ಸಂಸಾರ ಬಿಟ್ಟವಳು ನೀನೊಬ್ಬಳೇ ಇರ್ಬೇಕು" ಎಂದ.

ಗಂಡ ನನ್ನನ್ನು ಹೊಡೆದವರಲ್ಲ, ಕುಡಿದವರಲ್ಲ. ವಿಮಾ ಕಚೇರಿಯಲ್ಲಿ ಒಳ್ಳೆಯ ಕೆಲಸ, ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಅವರಿಗಿದ್ದದ್ದು ಒಂದೇ ಚಾಳಿ. ಎಲ್ಲದಕ್ಕೂ ಅಂಕ ಕೊಡುತ್ತಿದ್ದರು. ಸಿನಿಮಾಕ್ಕೆ ಕೊಟ್ಟಿದ್ದರೆ ನಾನೂ ಕೂತು ಜಗಳವಾಡುತ್ತಿದ್ದೆ. ಅವರು ನಾನು ಮಾಡಿದ ಸಾರಿಗೆ ಕೊಡುತ್ತಿದ್ದರು, ನಾನು ಉಟ್ಟ ಬಟ್ಟೆಗೆ ಕೊಡುತ್ತಿದ್ದರು, ನೆಂಟರು ಹೊರಟುಹೋದ ಮೇಲೆ ನಾನು ನಕ್ಕ ರೀತಿಗೆ ಕೊಡುತ್ತಿದ್ದರು. "ಇವತ್ತು ಆರು. ನಗು ಸ್ವಲ್ಪ ಉದ್ದ ಆಯ್ತು." ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳುತ್ತಿದ್ದರು. ಬರಬರುತ್ತಾ ನಾನು ನೀರು ಕುಡಿಯುವಾಗಲೂ ಎಷ್ಟು ಬರುತ್ತದೋ ಎಂದು ಅವರ ಮುಖ ನೋಡುವಂತಾಯಿತು.

ಇದನ್ನು ಅಣ್ಣನಿಗೆ ಹೇಳಿದರೆ, "ಇಷ್ಟೇನಾ? ನಿನ್ನತ್ತಿಗೆ ನನಗೆ ಸೊನ್ನೆ ಕೊಡ್ತಾಳೆ, ನಾನು ಎಲ್ಲಿಗೆ ಹೋಗ್ಲಿ?" ಎಂದು ನಕ್ಕ.

ಅಷ್ಟರಲ್ಲಿ ಬಂತು ಸುದ್ದಿ. ಫಿಲಂ ಸೊಸೈಟಿಯವರು ಯಾವುದೋ ಗೋದಾಮಿನಲ್ಲಿ ‘ಏಳನೇ ಬೀಗ’ದ ಮೂಲ ಪ್ರತಿ ಹುಡುಕಿ, ತೊಳೆದು ಬಳಿದು ಹೊಸದರಂತೆ ಮಾಡಿ, ಬಸ್ ನಿಲ್ದಾಣದ ಹತ್ತಿರದ ಹಳೆಯ ಥಿಯೇಟರಿನಲ್ಲಿ ವಾರವಿಡೀ ಮಧ್ಯಾಹ್ನದ ಆಟ ಹಾಕುತ್ತಿದ್ದಾರೆ. ಬೀದಿಯೇ ಎದ್ದು ಹೊರಟಿತು. ಟೈಲರ್ ಅಂಗಡಿಗೆ ಬಾಗಿಲೆಳೆದ. ಸಿನಿಮಾ ಎಂದರೆ ಮೂಗು ಮುರಿಯುವ ನಮ್ಮಣ್ಣನೂ ಬಂದ. ದೊಡ್ಡಮ್ಮ ಮಾತ್ರ, "ನೂರು ಸಲ ನೋಡಿದೀನಿ, ನೀವು ಹೋಗಿ" ಎಂದು ಜೆರಾಕ್ಸ್ ಯಂತ್ರಕ್ಕೆ ಹಾಳೆ ತುಂಬುತ್ತಾ ಕೂತುಬಿಟ್ಟಳು. ಅವಳು ನಮ್ಮ ಮುಖ ನೋಡಿ ಹೇಳಲಿಲ್ಲ, ನನಗೆ ಆಗ ಅದು ಹೊಳೆಯಲಿಲ್ಲ.

ಬಣ್ಣ ಕಣ್ಣು ಕುಕ್ಕುತ್ತಿತ್ತು. ಅಲ್ಲಾಡುವ ಗೋಡೆಯ ಹಿಂದೆ ಅದನ್ನು ಹಿಡಿದು ನಿಂತವನ ಕಾಲು ಕೂಡ ಕಾಣಿಸಿತು, ಜನ ಸೀಟು ಬಡಿದು ನಕ್ಕರು. ಕೊನೆಗೆ ಕೀಲಿಗೊಂಚಲು ಮೇಜಿನ ಮೇಲೆ ಬಿತ್ತು. "ಊಟಕ್ಕೆ ಕಾಯಬೇಡಿ" ಎಂದು ನಮ್ಮ ಬೀದಿ ಒಕ್ಕೊರಲಿನಿಂದ ಕೂಗಿ, ಎದ್ದು ನಿಂತು, ಚಪ್ಪಾಳೆ ಹೊಡೆದು, ಚೀಲ ಹೆಗಲಿಗೇರಿಸಿತು.

"ಕೂತ್ಕೊಳ್ಳಿ! ಇನ್ನೂ ಇದೆ!" ಹಿಂದಿನಿಂದ ಸೊಸೈಟಿಯ ಹುಡುಗಿ ಕೂಗಿದಳು.

ನಾವು ತಿರುಗಿ ನೋಡಿದೆವು. ಪರದೆ ಕಪ್ಪಾಗಿತ್ತು, ಆಮೇಲೆ ಬೆಳಗಾಯಿತು.

ಸೊಸೆ ರಸ್ತೆಯಲ್ಲಿ ನಡೆಯುತ್ತಿದ್ದಾಳೆ. ಹಿನ್ನೆಲೆಯಲ್ಲಿ ಒಂದು ಹಾಡು, ನಾವು ಜೀವಮಾನದಲ್ಲಿ ಕೇಳದ ಹಾಡು. ಅವಳು ಎಡವುತ್ತಾಳೆ, ಕೆಮ್ಮುತ್ತಾಳೆ, ಅಂಗಡಿ ಗಾಜಿನಲ್ಲಿ ತನ್ನ ಮುಖ ನೋಡಿ ನಾಚಿಕೊಳ್ಳುತ್ತಾಳೆ. ಹಾಡು ಮುಗಿಯುವ ಹೊತ್ತಿಗೆ ಅದೇ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿರುತ್ತಾಳೆ. ಗಂಡ ಊಟ ಮಾಡದೆ ಕಾದಿದ್ದಾನೆ. "ನಾನು ದಾರಿ ತಪ್ಪಿದ್ದೆ" ಎನ್ನುತ್ತಾಳೆ. ಗೊಂಚಲಿನಿಂದ ಏಳನೇ ಕೀಲಿ ಬಿಡಿಸಿ, ಮುಂಬಾಗಿಲಿಗೆ ಒಳಗಿನಿಂದ ತಾನೇ ಬೀಗ ಹಾಕಿ, ಕೀಲಿಯನ್ನು ಗಂಡನ ಕೈಗಿಡುತ್ತಾಳೆ. ಅವನು ಅದನ್ನು ಜೇಬಿಗೆ ಹಾಕಿಕೊಂಡು ನಗುತ್ತಾನೆ. ಶುಭಂ.

ಏಳನೇ ಬೀಗ ಯಾವುದಕ್ಕೆ ಎಂದು ನಾವು ಅಷ್ಟು ವರ್ಷ ವಾದ ಮಾಡಿದ್ದೆವು. ಮುಂಬಾಗಿಲಿಗೆ.

ಟೈಲರ್ ಕೂತೇಬಿಟ್ಟಿದ್ದ. "ಹಾಡು ಇದ್ರೆ ಒಳ್ಳೇದು ಅಂತಿದ್ದೆ, ನನ್ನ ಬಾಯಿಗೆ ಮಣ್ಣು ಹಾಕ" ಎಂದು ಗೊಣಗಿದ. ನನಗೆ ಮೈಯೆಲ್ಲ ಉರಿಯಿತು. ಅಣ್ಣ ಮಾತ್ರ ಸಿನಿಮಾ ನೋಡಿ ಅಷ್ಟು ಸಂತೋಷಪಟ್ಟದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ನೋಡಿದ್ಯಾ? ನಿನ್ನ ಸಿನಿಮಾದಲ್ಲೇ ಅವಳು ವಾಪಸ್ ಬಂದ್ಲು. ನೀನು ಅರ್ಧ ನೋಡಿ ಹೊರಟುಬಂದೆ." ಮೆಟ್ಟಿಲಲ್ಲಿ ನನ್ನ ಭುಜ ಹಿಡಿದು ಹೇಳಿದ. "ಭಾನುವಾರದ ಆಟಕ್ಕೆ ಭಾವನ್ನ ಕರ್ಕೊಂಡು ಬರ್ತೀನಿ. ಪಕ್ಕದಲ್ಲಿ ಕೂತು ಪೂರ್ತಿ ನೋಡು, ಮುಗಿದ ಮೇಲೆ ಹಾಗೇ ಅವರ ಜೊತೆ ಕಾರು ಹತ್ತು. ಹತ್ತಲ್ಲ ಅಂದ್ರೆ ಇನ್ನು ನಿನ್ನ ವಿಷಯಕ್ಕೆ ನಾನು ಬರಲ್ಲ. ಅಮ್ಮ ಇಲ್ಲ, ನಾನೂ ಇಲ್ಲ ಅಂದ್ಕೋ."

ನಾನು ಹೂಂ ಎಂದೆ. ಕಾಲ ಕೆಳಗಿನ ನೆಲವನ್ನೇ ಎಳೆದುಬಿಟ್ಟರೆ ಮನುಷ್ಯರು ಯಾವುದಕ್ಕೆ ಬೇಕಾದರೂ ಹೂಂ ಎನ್ನುತ್ತಾರೆ.

ಅಂಗಡಿಗೆ ಬಂದವಳೇ ದೊಡ್ಡಮ್ಮನ ಮೇಲೆ ಹರಿಹಾಯ್ದೆ. ಅವಳು ನನ್ನ ಮುಖ ನೋಡಿದ ಕೂಡಲೇ ಯಂತ್ರ ಆರಿಸಿದಳು.

"ಕೊನೆ ತೋರಿಸಿದ್ರಾ?" ಎಂದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತಾ ಅಂದ್ರೆ? ಕತ್ತರಿಸಿದವಳೇ ನಾನು." ನನ್ನ ರಿಪೇರಿ ಮೇಜಿನ ಮೇಲಿದ್ದ ಚಿಕ್ಕ ಸ್ಕ್ರೂಡ್ರೈವರ್ ಎತ್ತಿ ತೋರಿಸಿದಳು. "ಇಂಥದ್ದರಲ್ಲೇ ಕ್ಯಾಸೆಟ್ ಬಿಚ್ಚಿದೆ. ಆ ದರಿದ್ರ ಹಾಡಿಂದ ಮುಂದಿನ ರೀಲೆಲ್ಲ ಕತ್ತರಿಸಿದೆ. ಉಳಿದ ತುದೀನ ಚಕ್ರಕ್ಕೆ ಸಿಕ್ಕಿಸಿ ಮುಚ್ಚಿದೆ. ಕತ್ತರಿಸಿದ ತುಂಡನ್ನ ಟೊಮೆಟೊ ಗಿಡಕ್ಕೆ ಕಟ್ಟಿದ್ದೆ, ಹಕ್ಕಿ ಬರದ ಹಾಗೆ. ಚೆನ್ನಾಗಿ ಮಿಂಚ್ತಿತ್ತು."

"ಅಷ್ಟು ವರ್ಷ ನಮಗೆಲ್ಲ ಸುಳ್ಳು ತೋರಿಸಿದೆ!"

"ಸಿನಿಮಾ ಪೂರಾ ಸುಳ್ಳೇ ಕಣೇ. ನಾನು ಸ್ವಲ್ಪ ಕಡಿಮೆ ಸುಳ್ಳು ತೋರಿಸಿದೆ."

ಅಷ್ಟರಲ್ಲಿ ಸೊಸೈಟಿಯ ಹುಡುಗಿ ಟೈಲರನ್ನು ಹಿಡಿದುಕೊಂಡು ವಿಳಾಸ ಹುಡುಕಿ ಬಂದಳು. ಕ್ಯಾಸೆಟ್ ಇಲ್ಲಿಂದಲೇ ಹೊರಬಿದ್ದದ್ದೆಂದು ಯಾರೋ ಹೇಳಿದ್ದರಂತೆ. ವಿಷಯ ತಿಳಿದು ಅವಳ ಮುಖ ಕೆಂಪಾಯಿತು. "ಅದು ಒಬ್ಬ ಕಲಾವಿದನ ಕೃತಿ, ಅಮ್ಮ. ನಿಮಗೆ ಹಿಡಿಸಲಿಲ್ಲ ಅಂತ ಕತ್ತರಿ ಹಾಕೋದಾ?"

"ನಿಮಗೆ ಹಿಡಿಸದಿದ್ರೆ ಏನ್ ಮಾಡ್ತೀರಿ?"

"ಬರೀತೀವಿ. ಐದಕ್ಕೆ ಒಂದು ಸ್ಟಾರ್ ಕೊಡ್ತೀವಿ."

"ನನಗೆ ಬರಿಯೋಕೆ ಬರಲ್ಲಮ್ಮ. ಕತ್ತರಿ ಹಿಡಿಯೋಕೆ ಬರತ್ತೆ." ದೊಡ್ಡಮ್ಮ ಕುರ್ಚಿ ಎಳೆದು ಅವಳಿಗೆ ಕೊಟ್ಟಳು. "ಕೂತ್ಕೋ. ನಿಮ್ಮ ಕಲಾವಿದನ ಕೃತಿ ಥಿಯೇಟರಲ್ಲಿ ಒಂದು ವಾರ ಓಡ್ಲಿಲ್ಲ. ನನ್ನ ಕತ್ತರಿ ಬಿದ್ದ ಮೇಲೆ ಇವತ್ತಿನವರೆಗೂ ಓಡ್ತಿದೆ. ನಿಮ್ಮ ಅಂಗಿ ಮೇಲೆ ಇರೋ ಮಾತು ಯಾವುದು? ‘ನಾನು ದಾರಿ ತಪ್ಪಿದ್ದೆ’ ಅಂತ ಯಾರಾದ್ರೂ ಅಚ್ಚು ಹಾಕಿಸ್ಕೊಂಡಿದಾರಾ?"

ಹುಡುಗಿ ತನ್ನ ಅಂಗಿಯ ಮೇಲಿನ ‘ಊಟಕ್ಕೆ ಕಾಯಬೇಡಿ’ಯನ್ನು ನೋಡಿಕೊಂಡಳು. ಟೈಲರ್ ಕೊಟ್ಟ ಚಹಾ ತೆಗೆದುಕೊಂಡು, "ಆದ್ರೂ ತಪ್ಪು ತಪ್ಪೇ" ಎಂದಳು. ಅವಳ ಹಟ ನನಗೆ ಹಿಡಿಸಿತು. ದೊಡ್ಡಮ್ಮನಿಗೂ ಹಿಡಿಸಿತೆಂದು ಕಾಣುತ್ತದೆ, ಇನ್ನು ಯಾವ ಯಾವ ದಿನ, ಯಾವ ಹೊತ್ತಿಗೆ ಆಟ ಎಂದು ವಿಚಾರಿಸಿಕೊಂಡಳು.

ಇಬ್ಬರೂ ಹೋದ ಮೇಲೆ ನಾನು ಕೇಳಿದೆ. "ಯಾಕೆ ದೊಡ್ಡಮ್ಮ?"

"ನಾನೂ ಗಂಡನ ಮನೆ ಬಿಟ್ಟು ಹಾಗೇ ವಾಪಸ್ ಹೋದವಳು. ನಿನಗೆ ಗೊತ್ತಿಲ್ಲ, ನೀನು ಹುಟ್ಟಿರ್ಲಿಲ್ಲ. ಎಲ್ಲರೂ ಬುದ್ಧಿ ಹೇಳಿದ್ರು, ಹೋದೆ. ಹೋದ ಮೇಲೆ ಐದಾರು ವರ್ಷ ಹೇಗಿದ್ದೆ ಅನ್ನೋದು ನಿಮ್ಮಮ್ಮ ಒಬ್ಬಳಿಗೇ ಗೊತ್ತು. ಕೊನೆಗೆ ಅವಳೇ ಬಂದು ಕೈ ಹಿಡಿದು ಎಳ್ಕೊಂಡು ಬಂದ್ಲು. ಅಷ್ಟನ್ನೂ ಆ ಪುಣ್ಯಾತ್ಮ ಒಂದು ಹಾಡಲ್ಲಿ ಮುಗಿಸಿ ಶುಭಂ ಅಂದ. ಕೋಪ ಬಂತು." ನನ್ನ ಕಡೆ ತಿರುಗಿ, "ನೀನು ಸಿನಿಮಾ ನೋಡಿ ಮನೆ ಬಿಟ್ಯಾ?" ಎಂದಳು.

"ಅಲ್ಲ."

"ಮತ್ತೆ?"

ಅಲ್ಲಿಯವರೆಗೆ ಯಾರಿಗೂ ಹೇಳದೆ ಉಳಿಸಿಕೊಂಡದ್ದನ್ನು ಹೇಳಿದೆ. ಅಮ್ಮ ತೀರಿಕೊಂಡ ದಿನ ನಾನು ಅವಳ ಹಾಸಿಗೆಯ ಹತ್ತಿರ ಬಿದ್ದು ಅತ್ತೆ. ಹೇಗೆ ಅತ್ತೆನೋ ನನಗೆ ನೆನಪಿಲ್ಲ, ಜೋರಾಗಿಯೇ ಅತ್ತಿರಬೇಕು. ಎಲ್ಲ ಮುಗಿಸಿ ಮನೆಗೆ ಹೋದ ಮೇಲೆ ಗಂಡ ಕೈಕಾಲು ತೊಳೆದುಕೊಂಡು, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ಜನರ ಮುಂದೆ ಅಷ್ಟೊಂದು ಬೇಕಿರ್ಲಿಲ್ಲ. ಸ್ವಲ್ಪ ಓವರ್ ಆಕ್ಟಿಂಗ್ ಆಯ್ತು" ಎಂದರು.

ಸತ್ತವಳು ದೊಡ್ಡಮ್ಮನ ತಂಗಿ. ಅವತ್ತು ನನ್ನ ಜೊತೆ ಅದೇ ಹಾಸಿಗೆಯ ಇನ್ನೊಂದು ಬದಿಯಲ್ಲಿ ಬಿದ್ದು ಅತ್ತವಳು ಅವಳೇ. ಸ್ಕ್ರೂಡ್ರೈವರನ್ನು ಅದರ ಡಬ್ಬಿಗೆ ಹಾಕಿ, ಡಬ್ಬಿಯನ್ನು ಸರಿಸಿ, ಮತ್ತೆ ಅದೇ ಜಾಗಕ್ಕೆ ತಂದಿಟ್ಟಳು.

"ಭಾನುವಾರ ಹೋಗ್ತೀನಿ ಅಂತ ಅಣ್ಣನಿಗೆ ಹೇಳಿದೀನಿ" ಎಂದೆ. "ಏನ್ ಮಾಡ್ಲಿ?"

"ಆ ಕ್ಯಾಸೆಟ್ ನಂದು, ಕತ್ತರಿಸಿದೆ. ಇದು ನಿಂದು, ನೀನೇ ನೋಡ್ಕೋಬೇಕು."

ನನಗೆ ಸಿಟ್ಟು ಬಂತು. ಅಷ್ಟೆಲ್ಲ ಧೈರ್ಯ ಮಾಡಿದವಳು ಈಗ ನನ್ನ ಕೈ ಬಿಟ್ಟಳಲ್ಲ ಎನ್ನಿಸಿತು.

ಭಾನುವಾರ ಅಣ್ಣ ಬಂದು ನನ್ನ ಬ್ಯಾಗು ಹೊತ್ತುಕೊಂಡು ಹೋಗಿ ಗಂಡನ ಕಾರಿನ ಡಿಕ್ಕಿಯಲ್ಲಿಟ್ಟ. ದೊಡ್ಡಮ್ಮ ಅಂಗಡಿಯಲ್ಲಿ ಇರಲಿಲ್ಲ, ಶಟರು ಎಳೆದಿತ್ತು. ಥಿಯೇಟರಿನ ಬಾಗಿಲಲ್ಲಿ ಗಂಡ ನಿಂತಿದ್ದರು, ತಿಳಿನೀಲಿ ಅಂಗಿ ಹಾಕಿಕೊಂಡು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪ್ರೀತಿಯಿಂದಲೇ ನಕ್ಕರು.

"ಇಳಿದುಹೋಗಿದೀಯ. ಆದ್ರೂ ಏಳು ಕೊಡಬಹುದು."

ಅಣ್ಣ ಹೋ ಎಂದು ನಕ್ಕ. ನಾನೂ ನಕ್ಕೆ. ನಗು ಉದ್ದವಾಯಿತೇನೋ ಎಂದು ತಕ್ಷಣ ನಿಲ್ಲಿಸಿದೆ. ನಿಲ್ಲಿಸಿದ್ದು ನನಗೇ ಗೊತ್ತಾಯಿತು, ಅವಮಾನವಾಯಿತು.

ಒಳಗೆ ಆಗಲೇ ದೀಪ ಆರಿಸಿದ್ದರು. ನನ್ನನ್ನು ನಡುವೆ ಕೂರಿಸಿ ಒಂದು ಕಡೆ ಗಂಡ, ಇನ್ನೊಂದು ಕಡೆ ಅಣ್ಣ ಕೂತರು. ಗಂಡ ಸಿನಿಮಾದುದ್ದಕ್ಕೂ ನನ್ನ ಕಿವಿಯಲ್ಲಿ ಹೇಳುತ್ತಲೇ ಇದ್ದರು. ಕ್ಯಾಮೆರಾ ಮೂರು. ಖಳನಾಯಕ ಎರಡು. ಗೋಡೆ ಅಲ್ಲಾಡಿದಾಗ ಎಲ್ಲರೂ ನಗುತ್ತಿದ್ದರೆ, "ಇದರಲ್ಲಿ ನಗೋಕೆ ಏನಿದೆ? ನಿಮ್ಮ ಬೀದಿಯವರಿಗೆ ಅಭಿರುಚಿಯೇ ಇಲ್ಲ" ಎಂದರು. ನನಗೆ ಒಂದೇ ಒಂದು ಯೋಚನೆ. ಈ ಪಿಸುಗುಟ್ಟುವಿಕೆ ಇವತ್ತಿಗೆ ಮುಗಿಯುವುದಿಲ್ಲ, ಕಾರಿನಲ್ಲೂ ಬರುತ್ತದೆ, ಮನೆಯಲ್ಲೂ ಬರುತ್ತದೆ, ಕೊನೆಗೆ ನಾನು ಸಾಯುವಾಗ ಹೇಗೆ ಸತ್ತೆ ಎಂಬುದಕ್ಕೂ ಬರುತ್ತದೆ.

ಪರದೆಯ ಮೇಲೆ ಸೊಸೆ ಊಟದ ಮೇಜಿನ ಹತ್ತಿರ ಬಂದಳು. ಗೊಂಚಲು ಬಿಚ್ಚಿದಳು. ಇಟ್ಟಳು.

"ಊಟಕ್ಕೆ ಕಾಯಬೇಡಿ."

ನಾನು ಎದ್ದು ನಿಂತೆ. ಯೋಚನೆ ಮಾಡಿ ಎದ್ದದ್ದಲ್ಲ. ಚಿಕ್ಕಂದಿನಿಂದ ಆ ಮಾತಿಗೆ ಏಳುವುದು ಕಾಲಿಗೆ ಅಭ್ಯಾಸವಾಗಿತ್ತು, ಕಾಲೇ ಎದ್ದಿತು. ಎದ್ದ ಮೇಲೆ ನಿಂತೇ ಇದ್ದದ್ದು ಮಾತ್ರ ನಾನು.

"ಕೂತ್ಕೋ, ಇನ್ನೂ ಇದೆ" ಅಣ್ಣ ಕೈ ಎಳೆದ.

"ನಿಮಗಿದೆ. ನನಗೆ ಮುಗೀತು" ಎಂದೆ. ಪಿಸುಮಾತಿನಲ್ಲಿ ಹೇಳಲಿಲ್ಲ.

ಗಂಡ ಸುತ್ತ ನೋಡಿ, ತುಟಿ ಅಲ್ಲಾಡಿಸದಂತೆ ಹೇಳಿದರು. "ಜನ ನೋಡ್ತಿದಾರೆ. ಓವರ್ ಆಕ್ಟಿಂಗ್ ಮಾಡ್ಬೇಡ."

ಅವರು ಆ ಮಾತು ಆಡದಿದ್ದರೆ ನಾನು ಕೂತುಬಿಡುತ್ತಿದ್ದೆನೇನೋ. ಗೊತ್ತಿಲ್ಲ. ಆಡಿದರು.

"ನಮ್ಮಮ್ಮ ಸತ್ತಾಗ ಅತ್ತಿದ್ದಕ್ಕೆ ಎಷ್ಟು ಕೊಟ್ರಿ ಅಂತ ಅವತ್ತು ಕೇಳಲಿಲ್ಲ" ಎಂದೆ. "ಈಗಲೂ ಕೇಳಲ್ಲ. ನೀವೇ ಇಟ್ಕೊಳ್ಳಿ."

ಅಣ್ಣನ ಕೈ ಸಡಿಲಾಯಿತು. "ಅಮ್ಮ ಸತ್ತಾಗ ಅತ್ತಿದ್ದಕ್ಕಾ?" ಎಂದು ಅವನು ಕತ್ತಲಲ್ಲಿ ಭಾವನ ಕಡೆ ತಿರುಗಿದ. ಉತ್ತರ ಬಂತೋ ಇಲ್ಲವೋ ನನಗೆ ಕೇಳಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನ್ನ ಹಿಂದೆ ಸೀಟುಗಳು ಒಂದಾದ ಮೇಲೊಂದು ಪಟಪಟನೆ ಮಡಚಿಕೊಂಡವು. ತಿರುಗಿದೆ. ಟೈಲರ್ ನಿಂತಿದ್ದ. ಬೀದಿಯ ಅರ್ಧಕ್ಕರ್ಧ ಜನ ನಿಂತಿದ್ದರು. ಎಲ್ಲರಿಗೂ ಮುಂದೆ, ಚೀಲ ಕಂಕುಳಲ್ಲಿ ಅವುಚಿಕೊಂಡು, ನಮ್ಮ ದೊಡ್ಡಮ್ಮ.

"ಕೂತ್ಕೊಳ್ಳಿ! ಕೊನೆ ದೃಶ್ಯ!" ಹಿಂದಿನಿಂದ ಸೊಸೈಟಿಯ ಹುಡುಗಿ ಕೂಗಿದಳು.

"ನಮ್ಮ ಸಿನಿಮಾ ಮುಗೀತು ಕಣಮ್ಮ" ದೊಡ್ಡಮ್ಮ ಇಡೀ ಥಿಯೇಟರಿಗೆ ಕೇಳುವಂತೆ ಹೇಳಿದಳು. "ನಿಮ್ಮದನ್ನ ನೀವು ನೋಡಿ."

ಆ ದರಿದ್ರ ಹಾಡು ಶುರುವಾಗುವಷ್ಟರಲ್ಲಿ ನಾವು ಬಾಗಿಲ ಹತ್ತಿರವಿದ್ದೆವು. ಒಮ್ಮೆ ಹಿಂದೆ ನೋಡಿದೆ. ಪರದೆಯ ಬೆಳಕಿನಲ್ಲಿ ತಿಳಿನೀಲಿ ಅಂಗಿ ಕಾಣುತ್ತಿತ್ತು, ನೆಟ್ಟಗೆ ಕೂತಿತ್ತು, ಪಕ್ಕದ ನನ್ನ ಸೀಟು ಮಡಚಿಕೊಂಡಿತ್ತು. ಅದರಾಚೆ ಅಣ್ಣ ಇನ್ನೂ ಅವರ ಕಡೆಗೇ ತಿರುಗಿ ಕೂತಿದ್ದ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಅಲ್ಲಿ ಮೆಟ್ಟಿಲ ಮೇಲೆ ನಿಂತು ನಾನು ಅತ್ತೆ, ಅವತ್ತು ಅತ್ತ ಹಾಗೆಯೇ, ಜೋರಾಗಿ, ಮೂಗು ಸೋರಿಸಿಕೊಂಡು, ಟಿಕೆಟ್ ಸಾಲಿನವರೆಲ್ಲ ತಿರುಗಿ ನೋಡುವಂತೆ. ಯಾರೂ ಸುಮ್ಮನಿರು ಎನ್ನಲಿಲ್ಲ. ಟೈಲರ್ ಜೇಬಿನಿಂದ ಒಂದು ತುಂಡು ಅಸ್ತರು ಬಟ್ಟೆ ತೆಗೆದುಕೊಟ್ಟ.

"ನೀನೇ ನೋಡ್ಕೋ ಅಂದೆಯಲ್ಲ" ಎಂದು ದೊಡ್ಡಮ್ಮನನ್ನು ಕೇಳಿದೆ.

"ನೀನು ಏಳೋ ತನಕ ನಾನು ಕೂತೇ ಇದ್ದೆ. ಬೇಕಾದ್ರೆ ಇವನನ್ನ ಕೇಳು." ಅವಳು ಕಾರಿನ ಕಡೆ ನೋಡಿದಳು. "ನಿನ್ನ ಬ್ಯಾಗು ಒಳಗಿದೆಯಲ್ಲೇ?"

"ಇರ್ಲಿ ಬಿಡು. ಅದರಲ್ಲಿರೋದೆಲ್ಲ ಎಂಟು, ಒಂಬತ್ತು ಬಂದ ಬಟ್ಟೆಗಳೇ."

ದೊಡ್ಡಮ್ಮನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆ ಮೆಟ್ಟಿಲ ಮೇಲೇ ನಿಂತು ನಕ್ಕಳು. ನಾನೂ ನಕ್ಕೆ, ಎಷ್ಟು ಉದ್ದ ನಕ್ಕೆನೋ ನೋಡಲಿಲ್ಲ.

"ಹಸಿವಾಗ್ತಿದೆ ದೊಡ್ಡಮ್ಮ" ಎಂದೆ.

"ನಡಿ" ಎಂದಳು. "ಅನ್ನ ಮಾಡಿಟ್ಟೇ ಬಂದಿದೀನಿ, ಇಬ್ಬರಿಗೂ ಸೇರಿಸಿ."